ದಡ ಸುತ್ತುವರಿದ ಸರೋವರದಲ್ಲಿ 222 ಮೀಟರ್ ಉದ್ದದ ಹಡಗು ಮುಳುಗಿದ್ದು ಹೇಗೆ?

ಪ್ರಶ್ನೆ (ಕುಂಬಳೆಯಿಂದ):
ಎಲ್ಲರಿಗೂ ನಮಸ್ಕಾರ. ಅಮೆರಿಕ ಮತ್ತು ಕೆನಡಾಗಳ ನಡುವಿನ ಸುಪೀರಿಯರ್ ಸರೋವರದಲ್ಲಿ 1975ರ ನವೆಂಬರ್ 10ರ ಸಂಜೆ ಎಡ್ಮಂಡ್ ಫಿಟ್ಜೆರಾಲ್ಡ್ ಎಂಬ ಸರಕು ಹಡಗು 29 ಮಂದಿಯೊಂದಿಗೆ ಮುಳುಗಿತೆಂದು ಓದಿದೆ. ಮಳೆಗಾಲದ ಕಡಲನ್ನು ಹತ್ತಿರದಿಂದ ಕಂಡು ಬೆಳೆದವನಾದರೂ, ಸಿಹಿನೀರಿನ ಸರೋವರವೊಂದು ಅಷ್ಟು ದೊಡ್ಡ ಹಡಗನ್ನು ಅಪಾಯದ ಕರೆಗೂ ಎಡೆಗೊಡದೆ ನುಂಗಿದ್ದು ಹೇಗೆಂದು ನನಗೆ ಅರ್ಥವಾಗುತ್ತಿಲ್ಲ. ಬಲ್ಲವರು ತಿಳಿಸಬೇಕು.

ಉತ್ತರ (ಮಂಜೇಶ್ವರದಿಂದ):
ಸರೋವರವೆಂಬ ಹೆಸರೇ ನಮ್ಮ ಕಣ್ಣು ತಪ್ಪಿಸುತ್ತದೆ. ಅದರ ವಿಸ್ತಾರ ಸುಮಾರು 82,000 ಚದರ ಕಿಲೋಮೀಟರ್, ಅಂದರೆ ಕೇರಳದ ಎರಡು ಪಟ್ಟಿಗಿಂತ ಹೆಚ್ಚು. ಅಲ್ಲಿನ ಅಲೆಗಳು ಮಹಾಸಾಗರದ ಅಲೆಗಳಂತೆ ಉದ್ದಕ್ಕೆ ಹರಡಿಕೊಳ್ಳದೆ, ಕಡಿದಾಗಿ, ಒಂದರ ಬೆನ್ನಿಗೆ ಇನ್ನೊಂದು ಬರುತ್ತವೆ. ಅಳಿವೆ ಬಾಯಿಯಲ್ಲಿ ದೋಣಿ ದಾಟಿಸಿದವರಿಗೆ ಇದರ ಕಷ್ಟ ತಿಳಿದೇ ಇರುತ್ತದೆ. ಬಿರುಗಾಳಿ ಬೀಸುತ್ತಿದ್ದ ಆ ಮಧ್ಯಾಹ್ನ ಮೂರೂವರೆಯ ಹೊತ್ತಿಗೇ ಕಪ್ತಾನ ಮ್ಯಾಕ್‌ಸೋರ್ಲಿ, ಹಿಂದೆ ಬರುತ್ತಿದ್ದ ಆರ್ಥರ್ ಎಂ. ಆಂಡರ್ಸನ್ ಹಡಗಿಗೆ, ಕಟಕಟೆ ಮುರಿದಿದೆ, ಗಾಳಿಕೊಳವೆಗಳು ಹೋಗಿವೆ, ಹಡಗು ಒಂದು ಕಡೆಗೆ ವಾಲಿದೆ ಎಂದು ತಿಳಿಸಿದ್ದರು. ಆಮೇಲೆ ಫಿಟ್ಜೆರಾಲ್ಡಿನ ರಾಡಾರ್ ಕೆಟ್ಟಿತು. ದಡದ ವೈಟ್‌ಫಿಶ್ ಪಾಯಿಂಟಿನಲ್ಲಿ ಹಡಗುಗಳಿಗೆ ದಾರಿ ತೋರುವ ದೀಪವೂ ರೇಡಿಯೋ ಸಂಕೇತವೂ ನಿಂತುಹೋಗಿದ್ದವು. ಸಂಜೆ 7.10ರ ಸುಮಾರಿಗೆ, ಹೇಗೋ ನಿಭಾಯಿಸುತ್ತಿದ್ದೇವೆ ಎಂಬರ್ಥದ ಮಾತು ಬಂದದ್ದೇ ಕೊನೆ. ಕೆಲವೇ ನಿಮಿಷಗಳಲ್ಲಿ ಆಂಡರ್ಸನ್ನಿನ ರಾಡಾರಿನಿಂದ ಹಡಗು ಮಾಯವಾಯಿತು.

ಉತ್ತರ (ಕಾಸರಗೋಡಿನಿಂದ):
ಗಾಳಿಯನ್ನಷ್ಟೇ ದೂರುವುದನ್ನು ನಾನು ಒಪ್ಪಲಾರೆ. ಪಣಂಬೂರಿನಲ್ಲಿ ತಯಾರಾಗುವಂಥ ಕಬ್ಬಿಣದ ಅದಿರಿನ ಉಂಡೆಗಳೇ ಅದರಲ್ಲಿದ್ದವು, ಸುಮಾರು 26,000 ಟನ್. ಸರಕುಕೋಣೆಗಳ ನಡುವೆ ನೀರು ತಡೆಯುವ ಗೋಡೆಗಳಿರಲಿಲ್ಲವಾದ್ದರಿಂದ, ಒಂದೆಡೆ ಹೊಕ್ಕ ನೀರು ಎಲ್ಲೆಡೆಗೂ ಹರಿಯಬಲ್ಲದಾಗಿತ್ತು. ಇನ್ನಷ್ಟು ಸರಕು ತುಂಬಲೆಂದು, 1973ರವರೆಗಿನ ನಿಯಮ ಬದಲಾವಣೆಗಳಲ್ಲಿ, ನೀರಿನ ಮಟ್ಟಕ್ಕಿಂತ ಡೆಕ್ಕು ಇರಬೇಕಾದ ಎತ್ತರವನ್ನು ಮೂರು ಅಡಿಗೂ ಮಿಕ್ಕಿ ತಗ್ಗಿಸಲಾಗಿತ್ತು. ನನ್ನನ್ನು ಹೆಚ್ಚು ನೋಯಿಸುವುದು ಇದೇ. ಅಮೆರಿಕದ ಕರಾವಳಿ ಪಡೆಯ 1977ರ ವರದಿ, ಸರಕುಕೋಣೆಗಳ ಬಾಯಿಗೆ ಹಾಕುವ ಹ್ಯಾಚ್ ಮುಚ್ಚಳಗಳು ನೀರನ್ನು ಸರಿಯಾಗಿ ತಡೆಯಲಿಲ್ಲವೆಂದಿತು. ಹಡಗು ಕಂಪನಿಗಳ ಸಂಘವು ಅದನ್ನು ಒಪ್ಪದೆ, ಕ್ಯಾರಿಬೂ ದ್ವೀಪದ ಬಳಿಯ ದಿಬ್ಬಕ್ಕೆ ತಳ ತಾಗಿರಬೇಕೆಂದು ವಾದಿಸಿತು. ಚರ್ಚೆ ಇನ್ನೂ ಮುಗಿದಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಶವಗಳಾದರೂ ಸಿಕ್ಕಿದವೇ?

ಉತ್ತರ (ಮಂಜೇಶ್ವರದಿಂದ):
ಒಂದೂ ದಡಕ್ಕೆ ಬರಲಿಲ್ಲ. ಎರಡು ತುಂಡಾದ ಹಡಗು ಸುಮಾರು 160 ಮೀಟರ್ ಆಳದಲ್ಲಿದೆ. 1995ರ ಜುಲೈ 4ರಂದು ಅದರ ಗಂಟೆಯನ್ನು ಮೇಲೆತ್ತಿ, 29 ಹೆಸರುಗಳನ್ನು ಕೆತ್ತಿದ ಹೊಸ ಗಂಟೆಯನ್ನು ಅದರ ಜಾಗದಲ್ಲಿ ಇಳಿಸಿ ಬಂದರು.