ಅಪ್ಪ ಅಮ್ಮನ ಜೊತೆ ಅಡಿಲೇಡ್‌ನಿಂದ ಉಲುರುಗೆ ಕಾರಿನಲ್ಲಿ ಹೋಗಬಹುದಾ?

ಹಾಸನದ ಹುಡುಗ:
ಜುಲೈನಲ್ಲಿ ಊರಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಅಪ್ಪನಿಗೆ ಉಲುರು, ಅಂದರೆ ಆಸ್ಟ್ರೇಲಿಯಾ ನಡುವಿನ ಮರುಭೂಮಿಯ ಆ ದೊಡ್ಡ ಕೆಂಪು ಬಂಡೆ, ನೋಡಲೇಬೇಕಂತೆ, ಅದೂ ರಸ್ತೆಯಲ್ಲೇ ಹೋಗಿ. ಮ್ಯಾಪ್ ನೋಡಿದರೆ ಒಂದು ಕಡೆಗೇ ಹೆಚ್ಚುಕಮ್ಮಿ 1600 ಕಿ.ಮೀ. ಇದೆ. ಸರದಿ ಮೇಲೆ ಓಡಿಸಿ ಎರಡು ದಿನದಲ್ಲಿ ಮುಟ್ಟೋಣ, ರಾತ್ರಿನೂ ಓಡಿಸೋಣ, ಶಿರಾಡಿ ಘಾಟಿಯಲ್ಲಿ ಮಳೆಗಾಲದಲ್ಲಿ ಓಡಿಸಿದವನು ನಾನು ಅಂತಾರೆ. ನಮ್ಮದು ಚಿಕ್ಕ ಕಾರು. ಅಮ್ಮನಿಗೆ ಮಂಡಿ ನೋವು, ಮೊಟ್ಟೆ ಕೂಡ ತಿನ್ನಲ್ಲ. ಹೋಗಿ ಬಂದವರು ಯಾರಾದರೂ ಇದ್ದೀರಾ?

ಕೆಂಪುಮಣ್ಣು:
ರಾತ್ರಿ ಮಾತ್ರ ಬೇಡ. ಶಿರಾಡಿಯಲ್ಲಿ ಎದುರು ಬರುವ ಲಾರಿಗೆ ಲೈಟಾದರೂ ಇರುತ್ತದೆ, ಕಾಂಗರೂಗೆ ಲೈಟೂ ಇಲ್ಲ ಹಾರ್ನೂ ಇಲ್ಲ. ನಾನು ದಾರಿಯಲ್ಲಿ ಸಿಗುವ ಮಾರ್ಲಾ ಅನ್ನೋ ಪುಟ್ಟ ಊರಿನ ಹತ್ತಿರ, ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ, ಇನ್ನೇನು ಇಪ್ಪತ್ತು ಕಿ.ಮೀ. ತಾನೆ ಅಂತ ಎಳೆದೆ. ಎಡಗಡೆ ಪೊದೆಯಿಂದ ಒಂದು ನೆಗೆಯಿತು. ಬಂಪರ್ ಒಳಗೆ ಹೋಯಿತು, ರೇಡಿಯೇಟರ್‌ನಿಂದ ಹಸಿರು ನೀರು ಕೆಂಪು ಮಣ್ಣಿಗೆ ತೊಟ್ಟಿಕ್ಕುತ್ತಿದೆ, ಫೋನಲ್ಲಿ ಒಂದು ಕಡ್ಡಿ ಸಿಗ್ನಲ್ ಇಲ್ಲ. ಒಂದೂವರೆ ಗಂಟೆ ಆದಮೇಲೆ ರೋಡ್ ಟ್ರೇನ್ ಡ್ರೈವರ್ ಒಬ್ಬ ನಿಲ್ಲಿಸಿದ, ಪುಣ್ಯಾತ್ಮ. ಬಾಡಿಗೆ ಕಾರಾದರೆ ಕರಾರು ಓದಿ, ಕತ್ತಲಲ್ಲಿ ಪ್ರಾಣಿಗೆ ಗುದ್ದಿದರೆ ವಿಮೆ ಇಲ್ಲ ಅಂತ ಬಹಳ ಕಡೆ ಬರೆದಿರುತ್ತಾರೆ.

ಈ ರೋಡ್ ಟ್ರೇನ್ ಅಂದರೆ ಮೂರು ಟ್ರೇಲರ್ ಎಳೆಯುವ ಲಾರಿ, 53.5 ಮೀಟರ್‌ವರೆಗೂ ಉದ್ದ. ನಾಲ್ಕು ಬಸ್ಸು ಸಾಲಾಗಿ ನಿಂತಷ್ಟು. ಎದುರಿಂದ ಬಂದಾಗ ಗಾಳಿಗೆ ಚಿಕ್ಕ ಕಾರು ಅಲ್ಲಾಡುತ್ತದೆ, ಸ್ಟೀರಿಂಗ್ ಗಟ್ಟಿ ಹಿಡಿದುಕೊಳ್ಳಿ.

ಪೆಟ್ರೋಲ್ ಸಿಕ್ಕ ಕಡೆಯೆಲ್ಲ ತುಂಬಿಸಿ. ಗ್ಲೆಂಡಾಂಬೊ ಬಿಟ್ಟರೆ ಕೂಬರ್ ಪೀಡಿವರೆಗೆ 250 ಕಿ.ಮೀ. ಏನೂ ಇಲ್ಲ. ಅಲ್ಲಿಂದ ಮಾರ್ಲಾಗೆ ಇನ್ನೂ 230 ಚಿಲ್ಲರೆ.

ಅವಲಕ್ಕಿ ಅಕ್ಕ:
ನಾವು ಅತ್ತೆಯವರನ್ನು ಕರೆದುಕೊಂಡು ಹೋಗಿದ್ದೆವು, ಹೋಗೋಕೆ ನಾಲ್ಕು ದಿನ. ಪೋರ್ಟ್ ಆಗಸ್ಟಾ, ಕೂಬರ್ ಪೀಡಿ, ಎರ್ಲ್‌ಡಂಡಾ, ಆಮೇಲೆ ಉಲುರು ಪಕ್ಕದಲ್ಲಿ ತಂಗುವ ಊರು ಯುಲಾರಾ. ಪಿಂಬಾ ದಾಟಿದ ಮೇಲೆ ಹೈವೇ ಪಕ್ಕದಲ್ಲೇ ಲೇಕ್ ಹಾರ್ಟ್ ಸಿಗುತ್ತದೆ, ಕಣ್ಣು ಹಾಯಿಸಿದಷ್ಟೂ ಬಿಳಿ ಉಪ್ಪು. ಅತ್ತೆ ಒಂದು ಚಿಟಿಕೆ ನಾಲಿಗೆಗೆ ಇಟ್ಟುಕೊಂಡು "ನಮ್ಮ ಕಲ್ಲುಪ್ಪಿನಷ್ಟು ಖಾರ ಇಲ್ಲ" ಅಂದರು 😄

ಕೂಬರ್ ಪೀಡಿಯಲ್ಲಿ ನೆಲದೊಳಗಿನ ರೂಮ್ ತಗೊಳ್ಳಿ, ಮೆಟ್ಟಿಲು ಎಷ್ಟಿದೆ ಅಂತ ಮೊದಲೇ ಕೇಳಿ. 1915ರಲ್ಲಿ ಓಪಲ್ ಅನ್ನೋ ರತ್ನದ ಕಲ್ಲು ಸಿಕ್ಕಿ ಹುಟ್ಟಿದ ಊರು, ಬೇಸಿಗೆಯ ಬಿಸಿಲಿಗೆ ಜನ ಗುಡ್ಡದೊಳಗೇ ಮನೆ ಕೊರೆದುಕೊಂಡಿದ್ದಾರೆ. ಸುತ್ತ ಬಾಯಿ ತೆರೆದ ಗಣಿ ಗುಂಡಿಗಳು. ಓಡಬೇಡಿ, ಹಿಂದಕ್ಕೆ ನಡೆಯಬೇಡಿ ಅಂತ ಬೋರ್ಡೇ ಹಾಕಿದ್ದಾರೆ, ಫೋಟೋ ತೆಗೆಯುವಾಗ ಅಪ್ಪನನ್ನು ನೋಡಿಕೊಳ್ಳಿ.

ಊಟದ ವಿಷಯ ಹೇಳಬೇಕೆಂದರೆ, ರೋಡ್‌ಹೌಸ್‌ಗಳಲ್ಲಿ (ಹೈವೇ ಪಕ್ಕದ ಪೆಟ್ರೋಲ್ ಬಂಕ್ ಜೊತೆಗಿನ ಹೋಟೆಲ್) ಸಸ್ಯಾಹಾರ ಅಂದರೆ ಚಿಪ್ಸ್, ಚೀಸ್ ಟೋಸ್ಟ್ ಅಷ್ಟೇ. ಪುಳಿಯೋಗರೆ ಗೊಜ್ಜು, ಚಿಕ್ಕ ರೈಸ್ ಕುಕ್ಕರ್ ಇಟ್ಟುಕೊಳ್ಳಿ. ನೀರು ಜಾಸ್ತಿ ಇರಲಿ. ವಾಪಸ್ ಬರುವಾಗ ನಮ್ಮ ಅಡಿಲೇಡ್ ಇರುವ ಸೌತ್ ಆಸ್ಟ್ರೇಲಿಯಾ ರಾಜ್ಯದ ಗಡಿಯೊಳಗೆ ಹಣ್ಣು ತರುವಂತಿಲ್ಲ, ಮುಂಚೆಯೇ ತಿಂದು ಮುಗಿಸಿ. ಸ್ವೆಟರ್ ಮರೆಯಬೇಡಿ, ಮರುಭೂಮಿ ಅಂತ ಸುಮ್ನೆ ಹೋದರೆ ಜುಲೈ ರಾತ್ರಿ ಗಡಗಡ ನಡುಗಿಸುತ್ತದೆ.

ಸೋಮಾರಿ ಗೌಡ:
ಮಂಡಿ ನೋವಿನವರನ್ನು ಎಂಟು ದಿನ ಕಾರಲ್ಲಿ ಕೂರಿಸುವುದು ಯಾಕೆ? ಆಲಿಸ್ ಸ್ಪ್ರಿಂಗ್ಸ್‌ಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ಬಾಡಿಗೆ ಕಾರು. ಉಲುರುಗೆ 450 ಕಿ.ಮೀ. ಅಷ್ಟೇ, ರಸ್ತೆ ಪೂರ್ತಿ ಡಾಂಬರು. ಕೆಂಪು ಮಣ್ಣು ನೋಡಬೇಕು ಅಂದರೆ ಅಷ್ಟು ಸಾಲದಾ?

ಕೆಂಪುಮಣ್ಣು:
ಗೌಡ್ರು ಹೇಳಿದ್ದರಲ್ಲೂ ನ್ಯಾಯ ಇದೆ. ಯಾವ ಕಡೆಯಿಂದ ಬಂದರೂ ಉಲುರು ಕಡೆಗೆ ತಿರುಗುವುದು ಎರ್ಲ್‌ಡಂಡಾದಲ್ಲೇ, ಅದನ್ನು ಬಿಟ್ಟು ನೂರು ಕಿ.ಮೀ. ದಾಟಿದ ಮೇಲೆ ಎಡಕ್ಕೆ ಒಂದು ದೊಡ್ಡ ಬೆಟ್ಟ ಕಾಣುತ್ತದೆ, ಅಪ್ಪ "ಉಲುರು ಬಂತು" ಅಂತ ಕೂಗುತ್ತಾರೆ ನೋಡಿ. ಅದು ಮೌಂಟ್ ಕಾನರ್, ಎಲ್ಲರೂ ಮೋಸ ಹೋಗುವುದು ಅಲ್ಲೇ. ನಿಜವಾದ ಉಲುರು ಹತ್ತುವುದು 2019ರ ಅಕ್ಟೋಬರ್‌ನಿಂದ ನಿಂತಿದೆ, ಅಲ್ಲಿನ ಮೂಲನಿವಾಸಿ ಅನಂಗು ಜನಕ್ಕೆ ಅದು ಪವಿತ್ರ ಜಾಗ. ಸುತ್ತ ನಡೆದರೆ ಹತ್ತು ಕಿ.ಮೀ. ಅಮ್ಮನಿಗೆ ಮುಟಿಜುಲು ನೀರಿನ ಹೊಂಡದ ದಾರಿ ಸಾಕು, ಚಿಕ್ಕದು, ಸಮತಟ್ಟು.

ಹಾಸನದ ಹುಡುಗ:
ಎಲ್ಲರಿಗೂ ಥ್ಯಾಂಕ್ಸ್. ಅಪ್ಪನಿಗೆ ಫೋನಲ್ಲಿ ಓದಿ ಹೇಳಿದೆ. ಕಾಂಗರೂ ಕಥೆ ಕೇಳಿ ರಾತ್ರಿ ಪ್ಲಾನ್ ಬಿಟ್ಟಿದ್ದಾರೆ, ವಿಮಾನಕ್ಕೆ ಮಾತ್ರ ಒಪ್ಪಲಿಲ್ಲ. ನಾಲ್ಕು ದಿನ ಅಂತಾಯಿತು. ಅಮ್ಮ ಮನೆಯಿಂದಲೇ ಅವಲಕ್ಕಿ, ಗೊಜ್ಜು ತರುತ್ತೀನಿ ಅಂತಿದ್ದಾರೆ, ಏರ್‌ಪೋರ್ಟಲ್ಲಿ ಬಿಡುತ್ತಾರಾ?

ಅವಲಕ್ಕಿ ಅಕ್ಕ:
ತಂದರೆ ಆಸ್ಟ್ರೇಲಿಯಾಗೆ ಬಂದಿಳಿಯುವಾಗ ತುಂಬುವ ಕಾರ್ಡ್‌ನಲ್ಲಿ ಬರೆದು ತೋರಿಸಲೇಬೇಕು, ಮುಚ್ಚಿಟ್ಟರೆ ದಂಡ. ಅಷ್ಟೆಲ್ಲ ಯಾಕೆ, ಅಡಿಲೇಡ್‌ನ ಇಂಡಿಯನ್ ಅಂಗಡಿಯಲ್ಲೇ ಎರಡೂ ಸಿಗುತ್ತದೆ. ದಪ್ಪ ಅವಲಕ್ಕಿ ತಗೊಳ್ಳಿ, ತೆಳ್ಳಗಿನದು ದಾರಿಯಲ್ಲಿ ಪುಡಿಯಾಗುತ್ತದೆ.