ಜೀವವಿಕಾಸದ ಪಾಠವನ್ನು ಮಂಗನಿಂದಲೇ ಶುರುಮಾಡಬೇಕೆ?

ಪ್ರಶ್ನೆ: ವಿಜ್ಞಾನ ಶಿಕ್ಷಕಿ, ಚಿತ್ರದುರ್ಗ ತಾಲ್ಲೂಕು

ಹತ್ತನೆಯ ತರಗತಿಯ ಎನ್‌ಸಿಇಆರ್‌ಟಿ ಪಠ್ಯದಲ್ಲಿ ‘ಅನುವಂಶೀಯತೆ ಮತ್ತು ಜೀವವಿಕಾಸ’ ಎಂದಿದ್ದ ಅಧ್ಯಾಯವು 2023ರಲ್ಲಿ ಬರಿಯ ‘ಅನುವಂಶೀಯತೆ’ಯಾಗಿ ಉಳಿದದ್ದು, ಅದನ್ನು ಆಕ್ಷೇಪಿಸಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು ಮತ್ತು ಶಿಕ್ಷಕರು ಬಹಿರಂಗ ಪತ್ರಕ್ಕೆ ಸಹಿ ಹಾಕಿದ್ದು ಇಲ್ಲಿನ ಬಹುತೇಕರಿಗೆ ಗೊತ್ತಿದೆ. ಹನ್ನೆರಡನೆಯ ತರಗತಿಯಲ್ಲಿ ಆ ವಿಷಯ ಇದೆಯಾದರೂ ಅದು ಜೀವಶಾಸ್ತ್ರ ಆಯ್ದುಕೊಂಡವರಿಗೆ ಮಾತ್ರ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಎಸ್ಸೆಸ್ಸೆಲ್ಸಿ ಮುಗಿಸಿ ಐಟಿಐ, ವಾಣಿಜ್ಯ ಎಂದು ಚದುರಿಹೋಗುತ್ತಾರೆ. ಆದ್ದರಿಂದ ಶನಿವಾರದ ವಿಜ್ಞಾನ ಸಂಘದಲ್ಲಿ ನಾನೇ ಈ ಪಾಠ ಮಾಡಲು ಹೊರಟೆ. ಆಮೇಲಿನ ಪೋಷಕರ ಸಭೆಯಲ್ಲಿ ಹಿರಿಯರೊಬ್ಬರು ಎದ್ದು, "ಕೋಟೆಯ ಮೇಲೆ ಮಕ್ಕಳ ಕೈಯಿಂದ ಬಾಳೆಹಣ್ಣು ಕಿತ್ತುಕೊಳ್ಳುವ ಮಂಗ ನಮ್ಮ ಅಜ್ಜನೇನಮ್ಮಾ?" ಎಂದು ಕೇಳಿದರು. ಸಭೆ ನಕ್ಕಿತು, ನಾನೂ ನಕ್ಕೆ, ಉತ್ತರ ಮಾತ್ರ ಹೊಳೆಯಲಿಲ್ಲ. ಅವರನ್ನು ಹೀಯಾಳಿಸದೆ, ವಿಷಯವನ್ನೂ ತೆಳುಮಾಡದೆ ಎಲ್ಲಿಂದ ಆರಂಭಿಸಬೇಕು?

ಉತ್ತರ 1: ಹತ್ತಿ ಬೆಳೆಗಾರ, ಜಗಳೂರು ಕಡೆಯವನು

ಮೇಡಂ, ಮಂಗನನ್ನು ಬಿಟ್ಟು ಹತ್ತಿ ಕಾಯಿಯನ್ನು ಹಿಡಿಯಿರಿ. ಬಿಟಿ ಹತ್ತಿಯೆಂದರೆ ಒಂದು ಬ್ಯಾಕ್ಟೀರಿಯಾದ ಜೀನ್ ಸೇರಿಸಿದ, ಕಾಯಿಕೊರಕ ಹುಳುವನ್ನು ಕೊಲ್ಲುವ ಪ್ರೋಟೀನನ್ನು ಗಿಡವೇ ತಯಾರಿಸಿಕೊಳ್ಳುವ ಹತ್ತಿ. ನಮ್ಮ ದೇಶದಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದು 2002ರಲ್ಲಿ, ಅಂತಹ ಎರಡು ಜೀನ್‌ಗಳ ಬೀಜ ಬಂದದ್ದು 2006ರಲ್ಲಿ. 2010ರ ಹೊತ್ತಿಗೆ ಗುಜರಾತಿನಲ್ಲಿ ಗುಲಾಬಿ ಕಾಯಿಕೊರಕವು ಒಂದು ಜೀನ್‌ನ ಬಿಟಿಯನ್ನು ತಿಂದೂ ಬದುಕುತ್ತಿರುವುದು ಖಚಿತವಾಯಿತು. ಮುಂದೆ ಎರಡು ಜೀನ್‌ನ ಹತ್ತಿಯೂ ಅದನ್ನು ತಡೆಯಲಿಲ್ಲ. ನನ್ನ ಹೊಲದಲ್ಲಿ ಕಾಯಿ ಹೊರಗಿನಿಂದ ದುಂಡಗೆ, ಹಸಿರಾಗಿ, ಒಂದು ತೂತೂ ಕಾಣದಂತೆ ಇರುತ್ತಿತ್ತು. ಬಿಡಿಸಿದರೆ ಒಂದು ತೊಳೆಯ ಅರಳೆ ಹಳದಿಗಟ್ಟಿ ಅಂಟಿಕೊಂಡು, ಬೀಜದೊಳಗೆ ಗುಲಾಬಿ ಬಣ್ಣದ ಹುಳು ಮಲಗಿರುತ್ತಿತ್ತು. ಹುಳು ವಿಷಕ್ಕೆ ಒಗ್ಗಿಕೊಂಡಿತು ಎಂದು ನಾವು ಹೇಳುವುದುಂಟು. ಇದು ಜೀವವಿಕಾಸವೇ ಅಲ್ಲವೇ?

ಉತ್ತರ 2: ಜೀವಶಾಸ್ತ್ರ ಉಪನ್ಯಾಸಕ, ದಾವಣಗೆರೆ

ಹೌದು, ಆದರೆ ‘ಒಗ್ಗಿಕೊಂಡಿತು’ ಎಂಬ ಆ ಒಂದು ಪದವನ್ನು ಮಾತ್ರ ನಾನು ಒಪ್ಪಲಾರೆ. ಯಾವ ಹುಳುವೂ ಒಗ್ಗಿಕೊಳ್ಳಲಿಲ್ಲ. ಬಿಟಿ ಪ್ರೋಟೀನು ತಮ್ಮ ಕರುಳಿಗೆ ಸರಿಯಾಗಿ ಕಚ್ಚಿಕೊಳ್ಳದಂತಹ ವ್ಯತ್ಯಾಸವನ್ನು ಹುಟ್ಟಿನಿಂದಲೇ ಪಡೆದಿದ್ದ ಕೆಲವೇ ಹುಳುಗಳು ಉಳಿದವು, ಮಿಕ್ಕವು ಸತ್ತವು, ಉಳಿದವುಗಳ ಸಂತಾನವೇ ಹೊಲ ತುಂಬಿತು. ಡಾರ್ವಿನ್ 1859ರಲ್ಲಿ ಬರೆದ ನಿಸರ್ಗದ ಆಯ್ಕೆಯೆಂದರೆ ಇದೇ. 450 ಗ್ರಾಂ ಬಿಟಿ ಬೀಜದ ಜೊತೆಗೆ 120 ಗ್ರಾಂ ಬಿಟಿಯಲ್ಲದ ಬೀಜದ ಪೊಟ್ಟಣ ಕೊಡುತ್ತಿದ್ದುದು ನಿಮಗೆ ನೆನಪಿರಬೇಕು. ಹೊಲದ ಅಂಚಿನಲ್ಲಿ ಅದನ್ನು ಬಿತ್ತಿದರೆ ಅಲ್ಲಿ ಬದುಕುವ ಸಾಧಾರಣ ಪತಂಗಗಳು ನಿರೋಧವುಳ್ಳವುಗಳ ಜೊತೆ ಕೂಡಿ, ಹುಟ್ಟುವ ಮರಿಗಳು ಮತ್ತೆ ಬಿಟಿಗೆ ಸಾಯುತ್ತವೆ ಎಂಬುದು ಅದರ ಲೆಕ್ಕವಾಗಿತ್ತು. ಬಹಳ ಕಡೆ ಅದನ್ನು ಯಾರೂ ಬಿತ್ತಲಿಲ್ಲ. ನಮ್ಮ ತಂದೆಯವರೂ ಅಟ್ಟಕ್ಕೆ ಎಸೆದಿದ್ದರು.

ಆ ಹಿರಿಯರಿಗೆ, ಕೋಟೆಯ ಮಂಗ ಅಜ್ಜನಲ್ಲ, ಬಹಳ ದೂರದ ದಾಯಾದಿ ಎಂದು ಹೇಳಿ. ಚಿಂಪಾಂಜಿಯ ಕವಲು ನಮ್ಮದರಿಂದ ಬೇರೆಯಾದದ್ದೇ ಸುಮಾರು 60–70 ಲಕ್ಷ ವರ್ಷಗಳ ಹಿಂದೆ. ಕೋಟೆಯ ಮಂಗನ ಕವಲು ಅದಕ್ಕೂ ಬಹಳ ಮೊದಲೇ ಬೇರೆಯಾಗಿತ್ತು. ದಾಯಾದಿಯೆಂದರೆ ನಮ್ಮವರಿಗೆ ವಂಶವೃಕ್ಷ ತಾನಾಗಿಯೇ ಕಣ್ಣಿಗೆ ಕಟ್ಟುತ್ತದೆ.

ಇನ್ನೊಂದು ಮಾತು: ‘ವಿಕಾಸವಾದ’ ಎಂಬ ಪದವನ್ನು ಬಳಸಬೇಡಿ. ‘ವಾದ’ ಎಂದೊಡನೆ ಪ್ರತಿವಾದಕ್ಕೂ ಸಮಪಾಲು ಕೊಡಬೇಕೆಂದು ಜನ ಭಾವಿಸುತ್ತಾರೆ. 2018ರಲ್ಲಿ ಕೇಂದ್ರದ ರಾಜ್ಯ ಸಚಿವರೊಬ್ಬರು ಡಾರ್ವಿನ್ ತಪ್ಪು ಎಂದಾಗ, ಜೀವವಿಕಾಸದ ಮೂಲ ಸಂಗತಿಗಳ ಬಗ್ಗೆ ವಿಜ್ಞಾನದಲ್ಲಿ ವಿವಾದವಿಲ್ಲ ಎಂದು ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಹೇಳಬೇಕಾಯಿತು.

ಉತ್ತರ 3: ಭೂವಿಜ್ಞಾನ ಓದಿದವನು, ಹಿರಿಯೂರು

ಮಕ್ಕಳನ್ನು ನಮ್ಮ ಜಿಲ್ಲೆಯ ಮರಡಿಹಳ್ಳಿಗೂ ಕರೆದೊಯ್ಯಿರಿ. ನೀರಿನಡಿ ಉಕ್ಕಿದ ಲಾವಾ ದಿಂಬುಗಳಂತೆ ಗಟ್ಟಿಯಾದ ಅಲ್ಲಿನ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ. ಅಲ್ಲಿ ಪಳೆಯುಳಿಕೆ ಸಿಗುವುದಿಲ್ಲ; ಕಾಲದ ಅಳತೆ ಸಿಗುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ಮರಡಿಹಳ್ಳಿಗೆ ಬಸ್ಸು ಹೊಂದಿಸಬೇಕು. ಅದಕ್ಕೆ ಮೊದಲು ಕಾಯಿಯಿಂದಲೇ ಆರಂಭಿಸುತ್ತೇನೆ. ಹುಳು ಹಿಡಿದ ನಾಲ್ಕೈದು ಕಾಯಿ ಸಿಕ್ಕೀತೇ?

ಹತ್ತಿ ಬೆಳೆಗಾರ

ಕೊನೆಯ ಬಿಡಿಸುವಿಕೆಯ ಹೊತ್ತಿಗೆ ಬೇಕಾದಷ್ಟು ಸಿಗುತ್ತವೆ, ನಾನೇ ತಂದುಕೊಡುತ್ತೇನೆ. ಡಬ್ಬದ ಬಾಯಿಗೆ ತೆಳು ಬಟ್ಟೆ ಕಟ್ಟಿಡಿ. ಪತಂಗ ಹೊರಬಂದರೆ ಪಕ್ಕದ ಹೊಲದವರು ನಿಮ್ಮ ಶಾಲೆಗೇ ಬರುತ್ತಾರೆ.