ಮೊಗಲರ ‘ಜಬ್ತ್’: ನಮ್ಮ ಜಪ್ತಿನಾ, ಬೇರೆಯಾ?

ಎಲ್ಲರಿಗೂ ನಮಸ್ಕಾರ.

ಮೊಗಲರ ಕಾಲದ ಕಂದಾಯದ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ‘ಲಾಹೋರ್, ಆಗ್ರಾ, ಅಲಹಾಬಾದ್ ಸುಬಾಗಳಲ್ಲಿ (ಪ್ರಾಂತ್ಯಗಳಲ್ಲಿ) ಜಪ್ತಿ ಪದ್ಧತಿ ಇತ್ತು’ ಎಂದು ಬರೆದೆ. ಓದಿದ ತಂಗಿ, "ಅಷ್ಟೂ ಜನರ ಹೊಲ ಕಿತ್ಕೊಂಡ್ರಾ?" ಅಂದಳು. ಹಾಗೆ ಅನ್ನಿಸೋದು ಸಹಜ. ನಮಗೆ ಜಪ್ತಿ ಅಂದರೆ ಸಾಲ ಕಟ್ಟದವರ ಟ್ರ್ಯಾಕ್ಟರ್ ಎಳೆದೊಯ್ಯುವುದು, ಚುನಾವಣೆ ಹೊತ್ತಿಗೆ ಚೆಕ್‌ಪೋಸ್ಟಿನಲ್ಲಿ ದುಡ್ಡು ಹಿಡಿಯುವುದು.

ಅಕ್ಬರನ ಕಾಲದ ಜಬ್ತ್ ಬೇರೆ. ಬಿತ್ತಿದ ಹೊಲ ಅಳೆದು, ಯಾವ ಬೆಳೆ ಎಂದು ನೋಡಿ, ಬಿಘಾಕ್ಕೆ (ಎಕರೆಯ ಹಾಗೆ ನೆಲದ ಒಂದು ಅಳತೆ) ಇಷ್ಟು ಎಂದು ರೊಕ್ಕದಲ್ಲಿ ಕಂದಾಯ ಕಟ್ಟುವುದು. 1580ರಲ್ಲಿ ಹಿಂದಿನ 10 ವರ್ಷಗಳ ಲೆಕ್ಕ ಹಿಡಿದು ದರ ಗೊತ್ತು ಮಾಡಿದರು. ಅಕ್ಬರನ ಕಂದಾಯ ಮಂತ್ರಿ ಟೋಡರಮಲ್ಲನ ಹೆಸರು ಅಂಟಿಕೊಂಡಿರುವುದು ಇದಕ್ಕೇ. ಅಳೆಯೋಕೆ ಮೊದಲು ಹಗ್ಗ ಇತ್ತು. ಇಬ್ಬನಿಗೆ ನೆಂದರೆ ಹಗ್ಗ ಕುಗ್ಗುತ್ತೆ. ಹಗ್ಗ ಕುಗ್ಗಿದರೆ ಹೊಲ ಲೆಕ್ಕದಲ್ಲಿ ಹಿಗ್ಗುತ್ತೆ, ರೈತನಿಗೆ ಕಂದಾಯ ಜಾಸ್ತಿ ಬೀಳುತ್ತೆ! ಆಮೇಲೆ ಬಿದಿರಿನ ತುಂಡುಗಳಿಗೆ ಕಬ್ಬಿಣದ ಬಳೆ ಹಾಕಿ ಜೋಡಿಸಿದ ಜರೀಬು ಬಂತು. ಅಳೆಯಲು ಬಂದವರ ಖರ್ಚೂ ರೈತನದೇ, ಬಿಘಾಕ್ಕೆ 1 ದಾಮ್. (40 ದಾಮ್ ಅಂದರೆ 1 ರೂಪಾಯಿ.) ಅದರ ಹೆಸರು ‘ಜಾಬಿತಾನಾ’. ಇಲ್ಲೂ ಅದೇ ಪದ ಕೂತಿದೆ ನೋಡಿ.

ಮೂಲ ಅರಬ್ಬಿ ಪದಕ್ಕೆ ಬಿಗಿಯಾಗಿ ಹಿಡಿಯುವುದು ಎಂಬ ಅರ್ಥ. ಅಳತೆಯ ಅರ್ಥವೂ ಮುಟ್ಟುಗೋಲಿನ ಅರ್ಥವೂ ಅಲ್ಲಿಂದಲೇ ಕವಲೊಡೆದಿವೆ. ನಮಗೆ ದಕ್ಕಿದ್ದು ಎರಡನೆಯದು ಮಾತ್ರ. (ಜಬರ್ದಸ್ತಿಗೂ ಇದಕ್ಕೂ ನಂಟಿಲ್ಲ. ಅದು ಪರ್ಷಿಯನ್, ‘ಮೇಲುಗೈ’.)

ಈಗ ಏನು ಬರೆಯೋದು? ‘ಜಬ್ತಿ’ ಎಂದರೆ ಅಚ್ಚಿನ ತಪ್ಪು ಅಂದುಕೊಳ್ಳುತ್ತಾರೆ. ‘ಸರ್ವೆ’ ಬೇಡವೇ ಬೇಡ. ಅದು ಬ್ರಿಟಿಷರ ಕಾಲದಲ್ಲಿ ಒಮ್ಮೆ ಅಳೆದು 30 ವರ್ಷಕ್ಕೆ ಗೊತ್ತು ಮಾಡುತ್ತಿದ್ದ ಕಂದಾಯವನ್ನು ನೆನಪಿಸುತ್ತೆ. ಜಬ್ತಿನಲ್ಲಿ ಫಸಲಿಗೊಮ್ಮೆ ಅಳತೆ, ಬೆಳೆಗೊಂದು ದರ. ‘ಅಳತೆ ಕಂದಾಯ’ ನನಗೆ ಹಿಡಿಸಿದೆ, ಆದರೆ ಬೆಳೆಯ ಮಾತು ಅದರಲ್ಲಿ ಬರೋದಿಲ್ಲ. ಬಟಾಯಿ ಎಂಬ ಇನ್ನೊಂದು ಕಂದಾಯ ಪದ್ಧತಿಗೆ ಇಷ್ಟು ತೊಂದರೆ ಇಲ್ಲ, ‘ರಾಶಿಯಲ್ಲಿ ಪಾಲು’ ಅಂದರೆ ಮುಗೀತು.

ಇನ್ನೊಂದು ಪ್ರಶ್ನೆ. 1650ರ ದಶಕದಲ್ಲಿ ಔರಂಗಜೇಬನ ದಿವಾನ ಮುರ್ಷಿದ್ ಕುಲಿ ಖಾನ್ ದಖನ್ನಿಗೂ ಈ ಅಳತೆ ತಂದ. 1687ರಲ್ಲಿ ನಮ್ಮ ಸಿರಾ ಮೊಗಲರ ಕೈಗೆ ಬಂದು ಸುಬಾದ ಕೇಂದ್ರವಾಯಿತು. ಸಿರಾ, ಕೋಲಾರ, ವಿಜಯಪುರದ ಕಡೆಯ ಹಳೇ ಕಡತಗಳಲ್ಲಿ, ಶಾನುಭೋಗರ ಮನೆತನದವರ ಮಾತಿನಲ್ಲಿ ‘ಜಪ್ತಿ’ಯನ್ನು ಅಳತೆಯ ಅರ್ಥದಲ್ಲಿ ಯಾರಾದರೂ ಕಂಡಿದ್ದೀರಾ? ಇದ್ದರೆ ವಾಕ್ಯ ಸಮೇತ ಕಳಿಸಿ. ಸುಮ್ನೆ ಹೊಸ ಪದ ಕಟ್ಟೋದಕ್ಕಿಂತ ಹಳೇದನ್ನೇ ಬಳಸಬಹುದು, ಅಲ್ವಾ?